ಸಂಡಾಸು ಒಳಗಿರುವ ಮನೆ

ಪರೇಲಿನ ಚಾಳಿನಲ್ಲಿ ನಮಗಿದ್ದದ್ದು ಒಂದೇ ಖೋಲಿ, ಎರಡನೇ ಮಹಡಿಯಲ್ಲಿ. ಸಂಡಾಸು ಕೆಳಗೆ, ಅಂಗಳದ ಮೂಲೆಯಲ್ಲಿ. ಮೊಣಕಾಲು ಕೆಟ್ಟ ಮೇಲೆ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಖೋಲಿ ನನ್ನ ಹೆಸರಿನಲ್ಲಿತ್ತು. ಅದನ್ನು ಮಾರಿ, ಸಂಡಾಸು ಒಳಗೇ ಇರುವ ಮನೆ ತಗೊಳ್ಳೋಣ ಎಂದು ಮಗ ಬೆನ್ನು ಹತ್ತಿದ. ಅವನು ಗೋಡೆಗೆ ಬಣ್ಣ ಹಚ್ಚುವವನು, ಎಲ್ಲಿದ್ದರೂ ಒಂದೇ. ಸೊಸೆ ಹಾಗಲ್ಲ. ಪರೇಲಿನ ಆಸ್ಪತ್ರೆಯಲ್ಲಿ ವಾರ್ಡು ಒರೆಸುತ್ತಾಳೆ. ನಡೆದೇ ಹೋಗಿ, ಮಧ್ಯಾಹ್ನ ಉಣ್ಣಲು ಮನೆಗೆ ಬರುತ್ತಿದ್ದಳು.

ಮನೆ ನೋಡಲು ಮೂವರೂ ಲೋಕಲ್ ರೈಲು ಹತ್ತಿದೆವು. ನಮ್ಮ ದುಡ್ಡಿಗೆ ಕುರ್ಲಾದಲ್ಲಿ ಸಿಕ್ಕಿದ್ದು ಅಂಥದೇ ಖೋಲಿ, ಅದೂ ಗಟಾರದ ಪಕ್ಕ. ಠಾಣೆಯಲ್ಲಿ ಅಡುಗೆಗೆ ಬೇರೆ ಜಾಗ ಬಂತು. ಕಲ್ಯಾಣದಲ್ಲಿ ಸಂಡಾಸು ಒಳಗೆ ಬಂತು, ಗಾಳಿ ಬರಲಿಲ್ಲ. ಇನ್ನೂ ಮುಂದೆ, ಪರೇಲಿನಿಂದ ಒಂದೂವರೆ ತಾಸು ದೂರದ ಬದ್ಲಾಪುರದಲ್ಲಿ ಎಲ್ಲವೂ ಬಂತು, ಬಾಲ್ಕನಿ ಸಹ.

ಅಲ್ಲಿಯ ದಲಾಲ ನಮ್ಮ ಕಡೆಯವನೇ. “ಸ್ಟೇಷನ್ನಿಂದ ಐದೇ ಮಿನಿಟ್ ನೋಡ್ರಿ ಅಜ್ಜಿ,” ಅಂದ.

“ಯಾರ ಕಾಲಿಗಪಾ ಐದು ಮಿನಿಟು?” ಎಂದೆ.

“ನನ್ನ ಬೈಕಿಗ್ರಿ,” ಎಂದು ನಕ್ಕ.

ಮಗನೂ ನಕ್ಕ. ಸೊಸೆ ಬಾಲ್ಕನಿಯಲ್ಲಿ ನಿಂತು ಸ್ಟೇಷನ್ ಎಲ್ಲಿದೆ ಎಂದು ನೋಡುತ್ತಿದ್ದಳು. ಕಾಣುತ್ತಿರಲಿಲ್ಲ.

ವಾಪಸು ಬರುವಾಗ ನಾವಿಬ್ಬರೂ ಲೇಡೀಸ್ ಡಬ್ಬಿಯಲ್ಲಿದ್ದೆವು, ಮಗ ಗಂಡಸರ ಡಬ್ಬಿಯಲ್ಲಿ.

“ದಿನಾ ಇಷ್ಟು ದೂರ ಹೋಗಿ ಬರಾಕ ಆಗ್ತೈತೇನವಾ?” ಎಂದು ಕೇಳಿದೆ.

“ಕೆಲಸ ಬಿಟ್ರ ಒಲಿ ಹೆಂಗ ಹೊತ್ತತೈತ್ರಿ ಅತ್ತಿ? ನಿಮ್ಮ ಖೋಲಿ. ನೀವು ಹೂಂ ಅಂದ್ರ ಹೂಂ.”

ನಾನು ಹೂಂ ಅಂದೆ. ಮೊಣಕಾಲು ನನ್ನದು.

ಈಗ ಸಂಡಾಸು ನನ್ನ ಹಾಸಿಗೆಯಿಂದ ಕೈಯಳತೆಯಲ್ಲಿದೆ. ಸೊಸೆ ಕತ್ತಲಿರುವಾಗ ಹೋಗುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಬಾಲ್ಕನಿಗೆ ಬೆಳಕು ಬಿದ್ದದ್ದನ್ನು ಅವಳು ನೋಡುವುದು ರಜೆಯ ದಿನ. ಬೆಳಿಗ್ಗೆ ಊಟದ ಡಬ್ಬಿಯ ಜೊತೆ ಒಂದು ಬಾಟಲಿ ನೀರು ತುಂಬಿ ಕೊಡುತ್ತೇನೆ. ಡಬ್ಬಿ ಖಾಲಿ ಬರುತ್ತದೆ, ಬಾಟಲಿ ಹಾಗೇ ಬರುತ್ತದೆ.

ಮೊದಮೊದಲು ಕೇಳಿದೆ, “ನೀರು ಕುಡಿಲಿಲ್ಲೇನ?”

“ಲೋಕಲ್‌ನ್ಯಾಗ ಸಂಡಾಸ ಎಲ್ಲೈತ್ರಿ ಅತ್ತಿ?” ಅಂದಳು. ಸಿಟ್ಟೇನೂ ಇರಲಿಲ್ಲ. ಚಪ್ಪಲಿ ಬಿಚ್ಚುತ್ತಿದ್ದಳು.

ಆಮೇಲೆ ಕೇಳಿಲ್ಲ. ಬಾಟಲಿ ತೆಗೆದುಕೊಂಡು ಆ ನೀರನ್ನು ನಾನೇ ಕುಡಿಯುತ್ತೇನೆ.