ಫೈರ್‌ವಾಲ್ ತಡೆದ ಮೊದಲ ಮನುಷ್ಯ

ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚಿನವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕಾಪುವಿನ ಫೆಲಿಕ್ಸ್ ಎನ್ನುವವರಿದ್ದಾರೆ. ಅದುವರೆಗೆ ಅವರ ಮುಖ ನೋಡಿರಲಿಲ್ಲ. ಒಂದು ದಿನ ಅವರ ಹಳೇ ಕಂಪ್ಯೂಟರಿಗೆ ಪರ್ಕಳದ ನನ್ನ ರೂಮಿನಿಂದಲೇ, ನೆಟ್ ಮೂಲಕ, ಫೈರ್‌ವಾಲ್ ಹಾಕಿಕೊಡುತ್ತಿದ್ದೆ. ಹೊರಗಿನವರು ಯಾರೂ ಒಳಗೆ ಬರಬಾರದು ಎಂಬ ನಿಯಮ ಬರೆದು, ಜಂಬದಿಂದ ಎಂಟರ್ ಒತ್ತಿದೆ. ತಕ್ಷಣ ಸಂಪರ್ಕ ಕಡಿಯಿತು. ಹೊರಗಿನವನು ನಾನೇ ಅಲ್ವಾ!

ಫೋನ್ ಮಾಡಿ ಹೇಳಿದರೆ ಅವರಿಗೆ ಖುಷಿಯೋ ಖುಷಿ.

"ಹಾಕಿದವರನ್ನೇ ಬಿಡುವುದಿಲ್ಲ ಅಂದ್ರೆ ಭಾರೀ ಗಟ್ಟಿ ಉಂಟು ಮಾರಾಯ್ರೆ!"

"ಕೆಲಸ ಅರ್ಧಕ್ಕೆ ನಿಂತಿದೆ ಸರ್. ನಾನು ಒಳಗೆ ಬರಬೇಕಲ್ಲ?"

"ಬನ್ನಿ. ಬಸ್ ಉಂಟಲ್ಲ."

ಹೋದೆ. ಗೇಟಿನಲ್ಲಿ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು. ಅದರ ಕೆಳಗೆ ಮಲಗಿದ್ದ ನಾಯಿ ಎದ್ದು, ಬಾಲ ಅಲ್ಲಾಡಿಸುತ್ತ, ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋಯಿತು. ಅಲ್ಲಿ ಫೆಲಿಕ್ಸ್ ಬಂಗುಡೆ ಮೀನು ಹುರಿಯುತ್ತಿದ್ದರು.

"ಮೊದಲು ಊಟ. ಕಂಪ್ಯೂಟರ್ ಎಲ್ಲಿಗೂ ಓಡುವುದಿಲ್ಲ."

ಊಟವಾದ ಮೇಲೆ ಉಳಿದ ಕೆಲಸ ಮುಗಿಸಿ, ಮುಂದೆ ನಾನು ರೂಮಿನಿಂದಲೇ ಒಳಗೆ ಬರುವಂತೆ ಒಂದು ದಾರಿ ಬಿಡಲು ಹೊರಟೆ. ಫೆಲಿಕ್ಸ್ ತಡೆದರು.

"ಅದೊಂದು ಬೇಡ. ದಾರಿ ಬಿಟ್ಟರೆ ನೀವು ಇನ್ನು ಈ ಕಡೆ ಬರುವುದಿಲ್ಲ."

ಸುರಕ್ಷತೆಯ ದೃಷ್ಟಿಯಿಂದಲೂ ಅದೇ ಸರಿ ಎಂದು, ಬಂಗುಡೆಯ ವಾಸನೆ ಉಳಿದಿದ್ದ ಕೈ ಮೂಸುತ್ತ ಒಪ್ಪಿಕೊಂಡೆ.