ಗುಲಾಬಿಗೆ ಬೆಳಕು ಮಾಡಿಕೊಟ್ಟ ಸಾಬ್ರು

ಈ ಸಲ ಆಯುಧ ಪೂಜೆಗೆ ನಾಲ್ಕು ದಿನ ಮುಂಚೆ ಮನೆ ಧೂಳು ಹೊಡೆಯೋಣ ಅಂತ ಅಟ್ಟ ಹತ್ತಿದೆ. ಹಳೇ ಕುಕ್ಕರಿನ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಕವರ್ ಸಿಕ್ಕಿತು. ಬಾಯಿಗೆ ಬಿಗಿಯಾಗಿ ಗಂಟು. ಬಿಚ್ಚಿದೆ ನೋಡಿ, ಬೆಸುಗೆ ಹಾಕುವಾಗ ಏಳುತ್ತಲ್ಲ, ಆ ರಾಳದ ವಾಸನೆ ಸಣ್ಣಗೆ ಮೂಗಿಗೆ ಬಂತು. ಏಣಿ ಮೇಲೇ ಕೂತುಬಿಟ್ಟೆ.

ಕವರಿನ ಒಳಗೆ ಏನಿತ್ತು ಅಂತ ಆಮೇಲೆ ಹೇಳ್ತೀನಿ. ಮೊದಲು ಅದನ್ನ ಕೊಟ್ಟವರ ವಿಷಯ ಹೇಳಬೇಕು. ಇಲ್ಲದಿದ್ರೆ ನಾನು ಎಂಥ ಹೆಂಗಸು ಅಂತ ನಿಮಗೆ ಗೊತ್ತಾಗಲ್ಲ.

ಶಿರಾ ಗೇಟ್ ಹತ್ತಿರ ಅವರದೊಂದು ರಿಪೇರಿ ಅಂಗಡಿ ಇತ್ತು. ಅಂಗಡಿ ಅನ್ನೋದು ದೊಡ್ಡ ಮಾತು, ಒಬ್ಬರು ಕೂತ್ರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು ಅಷ್ಟೇ ಜಾಗ. ಮಿಕ್ಸಿ, ಟೇಬಲ್ ಫ್ಯಾನು, ಸುಟ್ಟುಹೋದ ಎಲ್‌ಇಡಿ ಬಲ್ಬು, ಎಲ್ಲಾ ಅಲ್ಲಿಗೇ ಬರ್ತಿದ್ವು. ನಾನು ಅವರನ್ನ ಸಾಬ್ರೇ ಅಂತಿದ್ದೆ, ಅವರು ನನ್ನನ್ನ ಅಮ್ಮ ಅಂತಿದ್ರು. ನನಗಿಂತ ಹದಿನೈದು ವರ್ಷನಾದ್ರೂ ದೊಡ್ಡವರು. ಬಿಳಿ ಗಡ್ಡ, ದಪ್ಪ ಕನ್ನಡಕ, ಅದರ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದ್ರು. ಊರಿನ ಸಾಮಾನೆಲ್ಲ ರಿಪೇರಿ ಮಾಡೋರು ತಮ್ಮ ಕನ್ನಡಕ ಮಾತ್ರ ಹಂಗೇ ಬಿಟ್ಟಿದ್ರು.

ಅವರ ಹತ್ತಿರ ಹೋಗಿದ್ದು ನಮ್ಮಮ್ಮನ ಗುಲಾಬಿಗೋಸ್ಕರ.

ನನ್ನ ತವರು ಹುತ್ರಿದುರ್ಗದ ಬೆಟ್ಟದ ಕೆಳಗೆ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಅಮ್ಮನ ಪನ್ನೀರು ಗುಲಾಬಿ ಇತ್ತು. ಸೋಪಿನ ನೀರು ಕುಡ್ಕೊಂಡೇ ಬೆಳೆದ ಗಿಡ ಅದು, ಆದ್ರೂ ಹೂವು ಬಿಟ್ರೆ ಇಡೀ ಹಿತ್ತಲು ಘಮ್ ಅನ್ನೋದು. ಅಮ್ಮ ದೀಪಾವಳಿ ಹೊತ್ತಿಗೆ ತೀರಿಹೋದರು. ಯುಗಾದಿ ಕಳೆದ ಮೇಲೆ ನಮ್ಮಣ್ಣ ಹೊಸ ಮನೆ ಕಟ್ಟಿಸ್ತೀನಿ ಅಂತ ಹಿತ್ತಲಿಗೆ ಜೆಸಿಬಿ ಬಿಟ್ಟ. ಹಿಂದಿನ ದಿನ ನಾನು ಓಡಿಹೋಗಿ ಆರು ಕಡ್ಡಿ ಕತ್ತರಿಸಿ ತಂದೆ. ಐದು ಒಣಗಿದ್ವು. ಒಂದು ಚಿಗುರಿತು. ಅಮ್ಮನದು ಅಂತ ನನಗೆ ಉಳಿದಿದ್ದು ಆ ಒಂದು ಕಡ್ಡಿ.

ನಾವಿದ್ದಿದ್ದು, ಈಗಲೂ ಇರೋದು, ಬಟವಾಡಿಯ ಬಾಡಿಗೆ ಮನೆ, ಕೆಳಗಿನ ಮಹಡಿ. ಮೂರು ಕಡೆ ಪಕ್ಕದ ಬಿಲ್ಡಿಂಗಿನ ಗೋಡೆ. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಕೊಂಡೇ ಅಕ್ಕಿ ಆರಿಸಬೇಕು. ತಾರಸಿ ಮೇಲೆ ಕುಂಡ ಇಟ್ರೆ ಸೋರುತ್ತೆ ಅಂತ ಓನರ್ ಬಿಡ್ತಿರಲಿಲ್ಲ. ಚಿಗುರು ದಿನದಿನಕ್ಕೆ ಬಿಳಿಚಿಕೊಂಡು ದಾರದ ಹಂಗೆ ಉದ್ದ ಎಳೀತಿತ್ತು. ನಾನು ಕೆಲಸ ಮಾಡೋ ಕ್ಲಿನಿಕ್ಕಿನಲ್ಲಿ ಕೂತು ಫೋನ್ ನೋಡ್ತಾ ಇದ್ದಾಗ, ಮನೆಯೊಳಗಿನ ಗಿಡಕ್ಕೆ ಕೆಂಪು ನೀಲಿ ಎಲ್‌ಇಡಿ ಬೆಳಕು ಕೊಡೋ ವಿಡಿಯೋ ಕಾಣಿಸ್ತು. ಅದನ್ನ ಹಿಡ್ಕೊಂಡು ಸಾಬ್ರ ಹತ್ತಿರ ಹೋದೆ.

ಅವರು ಎರಡು ಸಲ ನೋಡಿದ್ರು. "ಇದೇನ್ ಬ್ರಹ್ಮವಿದ್ಯೆ ಅಲ್ಲ ಬಿಡಿ ಅಮ್ಮ. ಮಾಡೋಣ. ಆದ್ರೆ ಗಿಡ ಯಾವ್ದು ಹೇಳಿ, ಗಿಡ ನೋಡ್ದೆ ಬೆಳಕು ಹೆಂಗ್ ಅಳತೆ ಮಾಡ್ಲಿ?" ಅಂದ್ರು. ಕುಂಡ ತಬ್ಬಿಕೊಂಡು ಸಿಟಿ ಬಸ್ಸಲ್ಲಿ ಹೋದೆ. ಕಂಡಕ್ಟರ್ ಗಿಡಕ್ಕೂ ಟಿಕೆಟ್ ತಗೊಳ್ಳಮ್ಮ ಅಂತ ರೇಗಿಸಿದ.

ಮೂರು ಭಾನುವಾರ ಹಿಡೀತು. ಯಾರದೋ ಅಂಗಡಿ ಬೋರ್ಡಿನಿಂದ ಕಳಚಿದ ಅಲ್ಯೂಮಿನಿಯಂ ಪಟ್ಟಿಗೆ ಎಲ್‌ಇಡಿ ಮಣಿಗಳನ್ನ ಸಾಲಾಗಿ ಕೂರಿಸಿದ್ರು. ಕೆಂಪು, ನೀಲಿ, ಮಧ್ಯೆ ಮಧ್ಯೆ ಬಿಳಿ. ಮಣಿಯ ಬಿಸಿ ಪಟ್ಟಿಗೆ ಇಳೀಲಿ ಅಂತ ಕೆಳಗೆ ಬಿಳೀ ಪೇಸ್ಟು ಬಳಿಯೋ ಕೆಲಸ ನನ್ನದು. "ಕೋಸಂಬರಿಗೆ ಉಪ್ಪು ಹಾಕ್ದಂಗೆ, ಜಾಸ್ತಿ ಬೇಡ," ಅಂತಿದ್ರು. ಪಟ್ಟಿಯ ಬೆನ್ನ ಮೇಲೆ, ಬಿಸಿ ಎಳೆಯೋಕೆ, ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸಿದ್ರು. ಅಂಗೈ ಅಗಲದ್ದು.

ಮನೆಗೆ ಬಂದು ಅವರೇ ತೂಗುಹಾಕಿದ್ರು. ಎಲೆ ಮಟ್ಟಕ್ಕೆ ಕೈ ಚಾಚಿ, "ಹಿಂಗೆ ಹಿಡೀರಿ. ನಿಮ್ ಕೈಗೆ ಸುಡ್ತು ಅಂದ್ರೆ ಗಿಡಕ್ಕೂ ಸುಡ್ತದೆ," ಅಂದ್ರು. ಆಮೇಲೆ ಬೆರಳು ಮೇಲೆ ತೋರಿಸಿ ಒಂದು ಮಾತು ಹೇಳಿದ್ರು. "ಈ ಫ್ಯಾನ್ ಉಸಿರಾಡ್ಬೇಕು ಅಮ್ಮ. ಇದ್ರ ಮೇಲೆ ಏನೂ ಹಾಕ್ಬೇಡಿ." ಹೂಂ ಅಂದೆ.

ಬೆಳಕು ಹಾಕಿದ ಸಂಜೆ ಕಿಟಕಿಯೆಲ್ಲಾ ನೇರಳೆ! ಎದುರು ಮನೆಯಾಕೆ, "ಏನ್ರೀ, ಡಿಸ್ಕೋ ಇಟ್ಟಿದೀರಾ ಮನೇಲಿ?" ಅಂದ್ರು. ನಮ್ಮೆಜಮಾನ್ರು ನಾಚಿಕೆಯಿಂದ ಪರದೆ ಎಳೆದ್ರು. ಎಳೀಲಿ ಬಿಡು ಅಂದುಕೊಂಡೆ. ಹದಿನೈದು ದಿನಕ್ಕೆ ಎಲೆ ಹಸಿರಾಯ್ತು. ಎರಡು ತಿಂಗಳಿಗೆ ಕಾಂಡ ಪೆನ್ಸಿಲ್ ದಪ್ಪ ಆಯ್ತು. ಸಾಬ್ರಿಗೆ ಫೋಟೋ ತೋರಿಸೋಕೆ ಅಂತಲೇ ಶಿರಾ ಗೇಟಿಗೆ ಹೋಗ್ತಿದ್ದೆ.

ಒಂದು ದಿನ ಅವರು ಸಂಕೋಚದಿಂದ ಕೇಳಿದ್ರು. "ಒಂದ್ ಕಡ್ಡಿ ಕೊಡ್ತೀರಾ ಅಮ್ಮ? ನಮ್ ಮನೆಯವ್ರಿಗೆ ಗುಲಾಬಿ ಅಂದ್ರೆ ಪ್ರಾಣ."

ಕೊಡಬಹುದಿತ್ತು. ಪಕ್ಕದಲ್ಲಿ ಒಂದು ಕವಲು ಒಡೆದಿತ್ತು. ಆದ್ರೆ ನನಗೆ ಮನಸ್ಸು ಬರಲಿಲ್ಲ. ಇನ್ನೂ ಎಳೇದು ಸಾಬ್ರೇ, ಹೂ ಬಿಟ್ಟ ಮೇಲೆ ಕೊಡ್ತೀನಿ ಅಂದೆ. ಅವರು ತಲೆ ಆಡಿಸಿದ್ರು. ಮತ್ತೆ ಕೇಳಲಿಲ್ಲ...

ದಸರಾ ಹೊತ್ತಿಗೆ ಮೊಗ್ಗು ಬಂತು. ಒಂದೇ ಒಂದು. ದೀಪಾವಳಿಗೆ ಅಮ್ಮನ ವರ್ಷದ ತಿಥಿ. ಅವರ ಹೂವನ್ನೇ ಅವರ ಫೋಟೋಗೆ ಇಡ್ತೀನಿ ಅಂತ ನಾನು ದಿನ ಎಣಿಸ್ತಿದ್ದೆ.

ಆಯುಧ ಪೂಜೆ ದಿನ ಬೆಳಿಗ್ಗೆ ಸ್ಕೂಟರ್ ತೊಳೆದೆ, ಮಿಕ್ಸಿ ಒರೆಸಿದೆ, ಹೊಲಿಗೆ ಮೆಷಿನ್ನಿಗೆ ವಿಭೂತಿ ಬಳಿದೆ. ಎಲ್ಲದಕ್ಕೂ ಪೂಜೆ ಮಾಡಿ, ಅಮ್ಮನ ಗಿಡ ಕಾಯ್ತಿರೋ ಬೆಳಕನ್ನ ಬಿಡೋಕಾಗುತ್ತಾ? ಅದಕ್ಕೂ ಕುಂಕುಮ ಇಟ್ಟೆ. ಸೇವಂತಿಗೆ ಹಾರ ಹಾಕಿದೆ. ಬೀಳಬಾರದು ಅಂತ ಎರಡು ಸುತ್ತು ಸುತ್ತಿದೆ. ಏನೂ ಹಾಕ್ಬೇಡಿ ಅಂತ ಸಾಬ್ರು ಹೇಳಿದ್ದು ಮರೆತಿರಲಿಲ್ಲ. ಆದ್ರೆ ದೇವರ ಹೂವು ಆ 'ಏನೂ' ಒಳಗೆ ಬರುತ್ತೆ ಅಂತ ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಗುಬ್ಬಿಯ ಅತ್ತೆ ಮನೆಯಿಂದ ಫೋನು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಬೆಳಕಿಗೆ ಟೈಮರ್ ಇದೆ, ಅದರ ಪಾಡಿಗೆ ಅದು ಹೊತ್ತುತ್ತೆ ಆರುತ್ತೆ ಅಂದುಕೊಂಡು, ಕುಂಡಕ್ಕೆ ನೀರು ಹನಿಯೋ ಬಾಟಲಿ ಸಿಕ್ಕಿಸಿ ಹೊರಟೆ. ಹನ್ನೆರಡು ದಿನ ಆಯ್ತು ವಾಪಸ್ ಬರೋದು.

ಬಾಗಿಲು ತೆಗೆದ್ರೆ ಮನೆಯೆಲ್ಲಾ ಮುಗ್ಗಲು ವಾಸನೆ. ಬೆಳಕು ಸತ್ತಿತ್ತು. ಕತ್ತಲಲ್ಲಿ, ಹಸೀ ಮಣ್ಣಲ್ಲಿ, ಕಾಂಡ ಬುಡದಿಂದ ಕಪ್ಪಗೆ ಕೊಳೆತಿತ್ತು. ಮೊಗ್ಗು ಕುಂಡದ ಮಣ್ಣ ಮೇಲೆ ಬಿದ್ದಿತ್ತು. ಅಯ್ಯೋ ಅಮ್ಮ ಅಂತ ಗೋಳಾಡಿದೆ. ಜೆಸಿಬಿ ಬಂದ ದಿನ ಕೂಡ ನಾನು ಹಂಗೆ ಅತ್ತಿರಲಿಲ್ಲ.

ಆಮೇಲೆ ಬಂತು ಸಿಟ್ಟು. ಬೆಳಕನ್ನ ಕಿತ್ತು ಇಳಿಸಿದೆ. ಒಣಗಿದ ಹಾರ ಎಳೆದು ಬುಟ್ಟಿಗೆ ಎಸೆದೆ. ದಾರ ಎಲ್ಲೋ ಸಿಕ್ಕಿಕೊಂಡಿತ್ತು, ಜಗ್ಗಿ ಹರಿದೆ. ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಲಿಲ್ಲ. ನೋಡೋ ಸ್ಥಿತೀಲಿ ಇರಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳ್ಕೊಂಡಿದೀನಿ.

ಅಂಗಡಿ ಮುಂದೆ ನಾಲ್ಕೈದು ಜನ ಇದ್ರು. ಬೆಳಕನ್ನ ಅವರ ಮೇಜಿನ ಮೇಲೆ ಕುಕ್ಕಿದೆ. ನನ್ನ ಬಾಯಿ ನಮ್ಮ ಬೀದಿಗೆಲ್ಲ ಗೊತ್ತು, ಅವತ್ತು ಶಿರಾ ಗೇಟಿಗೂ ಗೊತ್ತಾಯ್ತು. ಗುಜರಿ ಸಾಮಾನು ಹಾಕಿ ಮೋಸ ಮಾಡಿದ್ರಿ ಅಂದೆ. ನಮ್ಮಮ್ಮನ್ನ ಎರಡನೇ ಸಲ ಸಾಯಿಸಿದ್ರಿ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದಿದ್ರೆ... ನಿಲ್ಲಿಸಲಿಲ್ಲ.

"ನಿಮ್ಮಂಥವ್ರನ್ನ ನಂಬಿದ್ದೇ ನಮ್ ತಪ್ಪು," ಅಂದೆ.

ಆ ಮಾತಿನ ಒಳಗೆ ಏನಿತ್ತು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಾಯ್ತು. ನಿಂತಿದ್ದವರಲ್ಲಿ ಒಬ್ಬ, "ಅವ್ರೆಲ್ಲಾ ಹಂಗೇ ಬಿಡಿ ಮೇಡಂ," ಅಂದ. ನಾನು ಹಂಗಲ್ಲ ಅನ್ನಲಿಲ್ಲ.

ಸಾಬ್ರು ಸ್ಕ್ರೂ ಬಿಚ್ಚಿ ಹಿಂಬದಿ ಎತ್ತಿ ನೋಡಿದ್ರು. ಒಂದು ಗಳಿಗೆ ನನ್ನ ಮುಖ ನೋಡಿದ್ರು. ಮತ್ತೆ ಒಳಗೆ ನೋಡಿದ್ರು. ಆಮೇಲೆ ಕೈ ಒರೆಸೋ ಬಟ್ಟೆಯನ್ನ ಅದರ ಮೇಲೆ ಮುಚ್ಚಿ, "ನಮ್ದೇ ತಪ್ಪಾಯ್ತು ಅಮ್ಮ. ಬಿಟ್ಟೋಗಿ, ಸರಿ ಮಾಡಿಡ್ತೀನಿ," ಅಂದ್ರು.

ವಾರ ಬಿಟ್ಟು ನಮ್ಮೆಜಮಾನ್ರು ಹೋಗಿ ತಂದ್ರು. ಜೊತೆಗೆ ಒಂದು ನೀಲಿ ಕವರ್. ನಿಯತ್ತಿನ ರಿಪೇರಿಯವರು ಬದಲಾಯಿಸಿದ ಹಳೇ ಪಾರ್ಟನ್ನ ವಾಪಸ್ ಕೊಡ್ತಾರಲ್ಲ, ಹಂಗೆ. "ನೋಡ್ಬೇಕು ಅನ್ಸಿದ್ರೆ ನೋಡ್ಲಿ" ಅಂದ್ರಂತೆ. ಯಾರಿಗೆ ಬೇಕು ಅಂತ ನಾನು ಅಟ್ಟಕ್ಕೆ ಎಸೆದೆ. ಬೆಳಕಿನ ಬೆನ್ನಿಗೆ, ಫ್ಯಾನಿನ ಮೇಲೆ, ಹೊಸದಾಗಿ ತಂತಿ ಜಾಲರಿ ಬಿಗಿದಿದ್ರು. ಪಟ್ಟಿಯ ತುದೀಲಿ, ಫ್ಯಾನಿನಿಂದ ಒಂದು ಮೊಳ ದೂರಕ್ಕೆ, ಒಂದು ಪುಟ್ಟ ಕೊಕ್ಕೆ. ಯಾಕೋ ಏನೋ ಅಂದುಕೊಂಡೆ. ಅದರ ಕೆಳಗೆ ದೊಡ್ಡಪತ್ರೆ ಇಟ್ಟೆ, ಕೊಕ್ಕೆಗೆ ಕತ್ತರಿ ನೇತುಹಾಕಿದೆ. ಆ ಕಡೆ ರಿಪೇರಿಗೆ ಮತ್ತೆ ಹೋಗಲಿಲ್ಲ.

ಆರು ವರ್ಷ ಆಯ್ತು. ಈಗ ಏಣಿ ಮೇಲೆ ಕೂತು ನೋಡ್ತೀನಿ, ಕವರಿನಲ್ಲಿ ಆ ಅಂಗೈ ಅಗಲದ ಹಳೇ ಫ್ಯಾನು. ಅದರ ರೆಕ್ಕೆಗಳ ನಡುವಿನ ಅಚ್ಚಿಗೆ ಹೂವಿನ ದಾರ ಬಿಗಿಯಾಗಿ ಸುತ್ತಿಕೊಂಡಿದೆ. ರೆಕ್ಕೆ ಸಂದಿಗಳಲ್ಲಿ ಸೇವಂತಿಗೆ ಎಸಳು, ಕಂದು ಬಣ್ಣಕ್ಕೆ ತಿರುಗಿ. ಅಂಚಿನಲ್ಲಿ ನನ್ನ ಬೆರಳಿನ ಕುಂಕುಮ.

ಮಾರನೇ ದಿನ ಶಿರಾ ಗೇಟಿಗೆ ಹೋದೆ. ಅಲ್ಲಿ ಮೊಬೈಲ್ ಕವರ್ ಮಾರ್ತಿದ್ರು. ಪಕ್ಕದ ಟೀ ಅಂಗಡಿಯವನನ್ನ ಕೇಳಿದೆ.

"ಸಾಬ್ರಾ? ತೀರ್ಹೋದ್ರಲ್ಲ ಅಕ್ಕ, ಎರಡ್ ವರ್ಷ ಆಯ್ತು. ಅವ್ರ ಮನೆಯವ್ರು ಮಗಳ ಜೊತೆ ಯಾವ್ದೋ ಊರಿಗೆ ಹೊಂಟೋದ್ರು," ಅಂದ. ಟೀ ಕೊಟ್ಟು, ಅವನೇ ಮುಂದುವರಿಸಿದ. "ಒಳ್ಳೆ ಮನುಷ್ಯ. ಒಂದ್ಸಲ ಯಾವಳೋ ಬಂದು ಬಾಯಿಗೆ ಬಂದಂಗೆ ಬೈದೋದ್ಲು. ತಪ್ಪು ಅವಳ್ದೇ, ಫ್ಯಾನಿಗೆ ಹಾರ ಸುತ್ತವ್ಳೆ! ಯಾಕ್ ಸುಮ್ನಿದ್ರಿ ಅಂದೆ. 'ದೇವ್ರ ಹೂವು ಕಣಪ್ಪ. ಹೂವಿಂದ ಕೆಟ್ಟೋಯ್ತು ಅಂತ ನನ್ ಬಾಯಲ್ಲಿ ಬಂದ್ರೆ, ನಿಂತಿರೋರು ಹೆಂಗ್ ಕೇಳಿಸ್ಕೊಳ್ತಾರೋ' ಅಂದ್ರು. ಅವತ್ತು ಟೀನೂ ಕುಡೀಲಿಲ್ಲ."

ಅವಳು ನಾನೇ ಕಣಪ್ಪ ಅನ್ನೋಕೆ ಧೈರ್ಯ ಬರಲಿಲ್ಲ. ಟೀ ಲೋಟ ಹಂಗೇ ಇಟ್ಟು ಎದ್ದು ಬಂದೆ. ಅವತ್ತು ಒಂದು ಕಡ್ಡಿ ಕೊಟ್ಟಿದ್ದಿದ್ರೆ ಅವರ ಮನೇಲಾದ್ರೂ ಅಮ್ಮನ ಗುಲಾಬಿ ಇರ್ತಿತ್ತು ಅನ್ನೋದು ಬಸ್ಸಿನಲ್ಲಿ ನೆನಪಾಯ್ತು. ನೆನಪಾಗಿ ಏನು ಬಂತು?

ಆಯುಧ ಪೂಜೆ ದಿನ ಒಂದು ಮೊಳ ಸೇವಂತಿಗೆ ತಂದೆ. ಬೆಳಕಿನ ಹತ್ತಿರ ನಿಂತಾಗ ಕೈ ತಾನಾಗೇ ಆ ಕೊಕ್ಕೆ ಕಡೆ ಹೋಯ್ತು. ಅಷ್ಟೆಲ್ಲ ಅನ್ನಿಸಿಕೊಂಡ ಮೇಲೂ ಆ ಮನುಷ್ಯ ನನಗೆ ಹೂವು ಹಾಕಬೇಡಿ ಅನ್ನಲಿಲ್ಲ. ಹಾಕೋಕೆ ಒಂದು ಜಾಗ ಮಾಡಿಕೊಟ್ಟಿದ್ರು. ಆರು ವರ್ಷ ನಾನು ಅದಕ್ಕೆ ಕತ್ತರಿ ನೇತುಹಾಕಿದ್ದೆ.

ಕತ್ತರಿ ತೆಗೆದು ಹೂವು ಹಾಕಿದೆ. "ತಪ್ಪು ನಂದೇ ಸಾಬ್ರೇ, ಕ್ಷಮಿಸಿ," ಅಂದೆ. ಅವತ್ತು ಬೈದಷ್ಟೇ ಜೋರಾಗಿ ಅಂದೆ.

"ಯಾರ ಹತ್ರ ಮಾತಾಡ್ತಿದೀಯೇ?" ಅಂತ ಹೊರಗೆ ಸ್ಕೂಟರ್ ತೊಳೀತಿದ್ದ ನಮ್ಮೆಜಮಾನ್ರು ಕೇಳಿದ್ರು.

ಹೇಳೋಣ ಅಂದ್ರೆ ನನಗೆ ಅವರ ಹೆಸರು ಗೊತ್ತಿಲ್ಲ. ಒಂದು ದಿನವೂ ಕೇಳಿರಲಿಲ್ಲ.