ಹಿಮಪಂಡಿತ ಹಂಪಣ್ಣ

ಸುರಪುರದ ಆಟೋ ಹಂಪಣ್ಣ ಹಿಮ ಅಂತ ಕಂಡದ್ದು ಸೋಡಾ ಅಂಗಡಿಯ ಐಸ್ ಡಬ್ಬಿಯಲ್ಲಿ ಮಾತ್ರ. ಆದರೂ ಕಾಶ್ಮೀರದಲ್ಲಿ ಹಿಮಗಾಳಿ ಎದ್ದಿದೆ ಎಂದು ಟಿವಿ ಹೇಳಿದರೆ ಸಾಕು, ಈ ಬಿಸಿಲೂರಿನಲ್ಲಿ ಮಫ್ಲರ್ ಸುತ್ತಿಕೊಂಡು ಆಟೋ ಹತ್ತಿದವರಿಗೆಲ್ಲ ಪಾಠ ಶುರುಮಾಡುತ್ತಾನೆ: "ಬರ್ಫಿನ ದಾರ್ಯಾಗ ಗಪ್ಪನ ಬ್ರೇಕ್ ಒತ್ತಬಾರದ್ರಿ. ಗಾಲಿಗಿ ಸರಪಳಿ ಕಟ್ಟಬೇಕು. ಗಾಡ್ಯಾಗ ಕಂಬಳಿ, ಖಜೂರ ಇಟ್ಕೋಬೇಕು." ಜನ ನಗುವ ಮೊದಲೇ ತಾನೇ ನಗುತ್ತಾನೆ: "ತಿಂಥಣಿ ಹೊಳಿ ಗಾಳಿಗೇ ನನ್ನ ಮೂಗು ಸೋರ್ತದ, ಬರ್ಫಿನ ಪಂಡಿತ ಆಗೀನಿ ನೋಡ್ರಿ!" ಮಗ ಬಸು ಕಾಶ್ಮೀರದಲ್ಲಿ ಫೌಜಿನ ಲಾರಿ ಓಡಿಸುತ್ತಾನೆ. ಫೋನಿನಲ್ಲಿ ಅವನದು ಯಾವಾಗಲೂ ಒಂದೇ ಮಾತು: "ಅಷ್ಟೇನ್ ಥಂಡಿ ಇಲ್ಲಪ್ಪಾ." ಫೋನಿಟ್ಟ ಮೇಲೆ ಹಂಪಣ್ಣ ಸೋಡಾ ಅಂಗಡಿಗೆ ಹೋಗಿ, ಐಸ್ ಡಬ್ಬಿಯೊಳಗೆ ಕೈ ಇಟ್ಟು, ಬೆರಳು ಜೋಮು ಹಿಡಿಯುವವರೆಗೆ ಸುಮ್ಮನೆ ನಿಲ್ಲುತ್ತಾನೆ.